ಎದುರಿಗೆ ಯಾರು ಕೂತಿದ್ದರು?



1991ರ ಅಕ್ಟೋಬರ್ ತಿಂಗಳಲ್ಲಿ ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದಲ್ಲಿ ಇಬ್ಬರು ಹೆಣ್ಣುಮಕ್ಕಳು ಚದುರಂಗ ಆಡುತ್ತ ಕೂತಿದ್ದರು. ಒಬ್ಬಾಕೆ ಜಾರ್ಜಿಯಾದ ಮಾಯಾ ಚಿಬುರ್ದಾನಿಡ್ಜೆ. 1978ರಲ್ಲಿ, ಹದಿನೇಳರ ವಯಸ್ಸಿಗೇ ವಿಶ್ವ ಚಾಂಪಿಯನ್ ಆದವಳು. ಹದಿಮೂರು ವರ್ಷ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಡದವಳು. ಎದುರಿಗಿದ್ದವಳು ಚೀನಾದ ಶಿಯೆ ಜುನ್, ಇಪ್ಪತ್ತರ ಹುಡುಗಿ. ಹದಿನಾರು ಆಟಗಳ ಪಂದ್ಯ ಹದಿನೈದಕ್ಕೇ ಮುಗಿಯಿತು. 8.5–6.5 ಅಂಕಗಳಿಂದ ಹುಡುಗಿ ಗೆದ್ದಳು. 1950ರಿಂದ ಸೋವಿಯತ್ ಒಕ್ಕೂಟದ ಗಡಿ ದಾಟದಿದ್ದ ಕಿರೀಟ ಅವತ್ತು ಬೀಜಿಂಗಿಗೆ ಹೊರಟಿತು.

ಈ ಸುದ್ದಿಗೂ ನಮ್ಮ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಹಚ್ಚುವುದು ಕಷ್ಟವಲ್ಲ. ನಮ್ಮ ಕಡೆಯ ಭಾಷಣಕಾರರಿಗೆ ಚಾಲುಕ್ಯರು ಸಿಕ್ಕರೆ ಸಾಕು, ಎಲ್ಲಿಂದ ಎಲ್ಲಿಗೆ ಬೇಕಾದರೂ ಸೇತುವೆ ಕಟ್ಟಿಬಿಡುತ್ತಾರೆ. ನಾನೂ ಆ ಕೆಲಸವನ್ನು ಚೂರು ಮಾಡಿಯೇ ಮುಂದೆ ಹೋಗುತ್ತೇನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ಆಟಪಾಟಗಳ ದೊಡ್ಡ ಭಾಗವೇ ಇದೆ, ಅದರಲ್ಲಿ ಚದುರಂಗವೂ ಇದೆ. ಆ ಸೋಮೇಶ್ವರನ ಮುತ್ತಜ್ಜ ಎರಡನೆಯ ಜಯಸಿಂಹ. ಜಯಸಿಂಹನ ಅಕ್ಕ ಅಕ್ಕಾದೇವಿ. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದವಳು. ಗೋಕಾಗೆಯ, ಅಂದರೆ ಇಂದಿನ ಗೋಕಾಕದ ಕೋಟೆಗೆ ಸೈನ್ಯ ತೆಗೆದುಕೊಂಡು ಹೋಗಿ ಮುತ್ತಿಗೆ ಹಾಕಿದವಳು. ಅವಳ ಹೆಸರು ಹೇಳುವ ಶಾಸನಗಳು ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿವೆ. ಆ ಊರಿನ ಜೋಡು ಕಳಸದ ಗುಡಿಯನ್ನು, ನಾಗಕುಂಡವನ್ನು ನೀವು ನೋಡಿಯೇ ಇರುತ್ತೀರಿ. ಆನೆ, ಕುದುರೆ, ಕಾಲಾಳುಗಳನ್ನು ಮಣೆಯ ಮೇಲಲ್ಲ, ಎರೆಮಣ್ಣಿನ ಮೇಲೆಯೇ ನಡೆಸಿದ ಹೆಣ್ಣುಮಗಳು ಈ ನೆಲದಲ್ಲಿ ಇದ್ದಳು ಅನ್ನುವುದಕ್ಕೆ ಇಷ್ಟು ಸಾಕು.

ಆದರೆ ನನ್ನ ಇವತ್ತಿನ ಮಾತು ಅಭಿಮಾನದ್ದಲ್ಲ, ಒಂದು ಪ್ರಶ್ನೆಯದು. ಒಬ್ಬ ಹುಡುಗಿ ಆಟದಲ್ಲಿ ಮೇಲೆ ಬಂದಳು ಅಂದಾಗ ನಾವು ಅವಳ ಬುದ್ಧಿಯ ಬಗ್ಗೆ, ಅವಳ ಪರಿಶ್ರಮದ ಬಗ್ಗೆ, ಅವಳ ತಾಯಿತಂದೆಯ ತ್ಯಾಗದ ಬಗ್ಗೆ ಮಾತಾಡುತ್ತೇವೆ. ಒಂದು ವಿಷಯವನ್ನು ಮಾತ್ರ ಕೇಳುವುದಿಲ್ಲ: ಅವಳ ಎದುರಿಗೆ ದಿನಾಲೂ ಕೂತು ಆಡಿದವರು ಯಾರು? ಓಟ ಒಬ್ಬರೇ ಓಡಬಹುದು, ಹಾಡು ಒಬ್ಬರೇ ಹಾಡಬಹುದು. ಚದುರಂಗಕ್ಕೆ ಇನ್ನೊಬ್ಬರು ಬೇಕು. ಅದೂ ನಮಗಿಂತ ಒಂದು ಕೈ ಮೇಲಾದವರು ಬೇಕು. ಶಿಯೆ ಜುನ್‌ಳ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಕಥೆಯ ಬಣ್ಣವೇ ಬೇರೆಯಾಗುತ್ತದೆ.

ಅವಳು ಹುಟ್ಟಿದ್ದು 1970ರ ಅಕ್ಟೋಬರ್ 30ರಂದು, ಹೆಬೇ ಪ್ರಾಂತದ ಬಾವೋಡಿಂಗ್‌ನಲ್ಲಿ. ಬೆಳೆದದ್ದು ಬೀಜಿಂಗ್‌ನಲ್ಲಿ. ಆರನೇ ವಯಸ್ಸಿಗೆ ಮಣೆಯ ಮುಂದೆ ಕೂತಳು, ಆದರೆ ನಾವು ಚೆಸ್ ಎನ್ನುವ ಆಟದ ಮಣೆಯಲ್ಲ ಅದು. ಚೀನಾಕ್ಕೆ ತನ್ನದೇ ಒಂದು ಚದುರಂಗವಿದೆ, ಶಿಯಾಂಗ್‌ಚಿ ಅಂತ. ಅಲ್ಲಿಯ ಬೀದಿಬದಿಯಲ್ಲಿ, ಮರದ ನೆರಳಲ್ಲಿ, ಮುದುಕರು ಗುಂಪುಗೂಡಿ ಆಡುವ ಆಟ. ನೋಡುವವರು ಆಡುವವರಿಗಿಂತ ಹೆಚ್ಚು ಮಾತಾಡುವ ಆಟ.

ರೇಡಿಯೊದಲ್ಲಿ ಮಣೆ ತೋರಿಸಲು ಬರುವುದಿಲ್ಲ, ಆದ್ದರಿಂದ ಹೇಳಿಯೇ ತಿಳಿಸಬೇಕು. ನಮ್ಮ ಹಳೆಯ ಗುಡಿಗಳ ಜಗಲಿಗಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಕೊರೆದಿರುತ್ತಾರಲ್ಲ, ಅದನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಕಾಯಿ ಕೂರುವುದು ಚೌಕದ ಒಳಗಲ್ಲ, ಗೆರೆಗೆ ಗೆರೆ ಕೂಡುವ ಜಾಗದಲ್ಲಿ. ಶಿಯಾಂಗ್‌ಚಿಯಲ್ಲೂ ಹಾಗೆಯೇ. ಒಂಬತ್ತು ಗೆರೆ ಒಂದು ಕಡೆಗೆ, ಹತ್ತು ಗೆರೆ ಇನ್ನೊಂದು ಕಡೆಗೆ. ನಡುವೆ ಒಂದು ಹೊಳೆ. ಆನೆಗಳು ಹೊಳೆ ದಾಟುವಂತಿಲ್ಲ. ದಂಡನಾಯಕ ತನ್ನ ಒಂಬತ್ತು ಬಿಂದುಗಳ ಅರಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಫಿರಂಗಿ ಅಂತ ಒಂದು ಕಾಯಿ ಇದೆ, ಅದು ಎದುರಾಳಿಯನ್ನು ಹೊಡೆಯಬೇಕಾದರೆ ನಡುವೆ ಒಂದು ಕಾಯಿ ಇರಲೇಬೇಕು, ಅದನ್ನು ಹಾರಿಯೇ ಹೊಡೆಯಬೇಕು. ಹುಲಿ ಕುರಿಯನ್ನು ಹಾರಿ ಕೊಲ್ಲುವುದು ಗೊತ್ತಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಲು ಹೆಚ್ಚು ಹೊತ್ತು ಬೇಕಾಗಲಿಕ್ಕಿಲ್ಲ, ವ್ಯತ್ಯಾಸ ಇಷ್ಟೇ, ಹುಲಿ ಹಾರಿದ ಕುರಿ ಸಾಯುತ್ತದೆ, ಫಿರಂಗಿ ಹಾರಿದ ಕಾಯಿ ಬದುಕುತ್ತದೆ, ಅದರಾಚೆಯದು ಹೋಗುತ್ತದೆ. ಇಡೀ ಮಣೆಯನ್ನು ಅಡ್ಡಡ್ಡ ಆಳುವ ಮಂತ್ರಿ ಅಲ್ಲಿ ಇಲ್ಲ. ಇರುವ ಮಂತ್ರಿಗಳಿಬ್ಬರು ದಂಡನಾಯಕನ ಕಾವಲಿಗೆ ಅರಮನೆಯೊಳಗೇ ಸುಳಿದಾಡುವವರು. ತೆರೆದ ಗೆರೆಗಳು, ಬೇಗ ಬೀಳುವ ಏಟು, ನೇರ ದಾಳಿ, ಇವು ಆ ಆಟದ ಗುಣ. ಮುಂದೆ ಶಿಯೆ ಜುನ್‌ಳ ಆಟ ನೋಡಿದವರು ಅವಳ ದಾಳಿಯ ಧೈರ್ಯವನ್ನು ಹೊಗಳಿದರು. ಆ ಧೈರ್ಯದ ಒಂದು ಪಾಲು ಬೀಜಿಂಗಿನ ಬೀದಿಯ ಆಟದಿಂದಲೇ ಬಂದದ್ದು ಅಂತ ನನ್ನ ಎಣಿಕೆ.

ಹತ್ತು ವರ್ಷಕ್ಕೆ ಅವಳು ಬೀಜಿಂಗ್ ನಗರದ ಹುಡುಗಿಯರ ಶಿಯಾಂಗ್‌ಚಿ ಚಾಂಪಿಯನ್. ಅಲ್ಲಿಗೆ ಸರಕಾರದ ಕ್ರೀಡಾ ಅಧಿಕಾರಿಗಳ ಕಣ್ಣು ಅವಳ ಮೇಲೆ ಬಿತ್ತು. ಈ ಆಟ ಬಿಡು, ಅಂತಾರಾಷ್ಟ್ರೀಯ ಚೆಸ್ ಆಡು ಅಂದರು. ಕೇಳಿದರು ಅನ್ನುವುದಕ್ಕಿಂತ ಹಚ್ಚಿದರು ಅನ್ನುವುದೇ ಸರಿ. ಹತ್ತು ವರ್ಷದ ಮಗು ಯಾವ ಮಣೆಯ ಮುಂದೆ ಕೂರಬೇಕು ಎಂದು ಕಚೇರಿ ತೀರ್ಮಾನಿಸುವುದು ನನಗೆ ಹಿಡಿಸುವ ಮಾತಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು: ಅವಳು ಒಪ್ಪಿದಳು, 1984ಕ್ಕೆ ಚೀನಾದ ಬಾಲಕಿಯರ ಚೆಸ್ ಚಾಂಪಿಯನ್ ಆದಳು. 1988ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ವಿಶ್ವ ಜೂನಿಯರ್ ಬಾಲಕಿಯರ ಸ್ಪರ್ಧೆಯಲ್ಲಿ ಎರಡರಿಂದ ನಾಲ್ಕನೇ ಸ್ಥಾನ ಹಂಚಿಕೊಂಡಳು.

ಇಲ್ಲಿ ಸ್ವಲ್ಪ ನಿಂತು ನಮ್ಮ ದೇಶದ ಒಂದು ಜೋಡಿಯನ್ನು ನೆನೆಯಬೇಕು. ಊರಾಟದಿಂದ ವಿದೇಶದ ಆಟಕ್ಕೆ ದಾಟಿದವರು ಚೀನಾದಲ್ಲಿ ಮಾತ್ರ ಇರಲಿಲ್ಲ. ನಮ್ಮ ಹಳೆಯ ಚದುರಂಗದಲ್ಲಿ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ಇಡುತ್ತಿತ್ತು, ಕೋಟೆ ಕಟ್ಟುವ ನಡೆ ಇರಲಿಲ್ಲ, ಅದರ ಬದಲು ರಾಜ ಒಮ್ಮೆ ಮಾತ್ರ ಕುದುರೆಯ ಹಾಗೆ ಜಿಗಿಯಬಹುದಿತ್ತು. ಆ ಆಟ ಕಲಿತು ಬಂದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ತನ್ನ ಒಡೆಯ ಸರ್ ಉಮರ್ ಹಯಾತ್ ಖಾನ್ ಜೊತೆ ಇಂಗ್ಲೆಂಡಿಗೆ ಹೋಗಿ 1929, 1932, 1933, ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಅದೇ ಮನೆಯ ಪರಿವಾರದಲ್ಲಿದ್ದ ಫಾತಿಮಾ ಎಂಬ ಹುಡುಗಿ ಅದೇ 1933ರಲ್ಲಿ ಬ್ರಿಟನ್ನಿನ ಮಹಿಳಾ ಚಾಂಪಿಯನ್ ಆದಳು. ಒಂದೇ ಮನೆ, ಒಂದೇ ವರ್ಷ, ಎರಡು ಪಟ್ಟ. ಅದು ಹೇಗಾಯಿತು ಅಂದರೆ ಉತ್ತರ ಸರಳ: ಜಗತ್ತಿನ ಅತಿ ಬಲಿಷ್ಠ ಆಟಗಾರರಲ್ಲಿ ಒಬ್ಬ ಅವಳಿದ್ದ ಮನೆಯಲ್ಲೇ ಇದ್ದ. ಆಮೇಲೆ ಇಬ್ಬರೂ ಭಾರತಕ್ಕೆ ಮರಳಿದರು, ಇಬ್ಬರ ಆಟವೂ ಅಲ್ಲಿಗೆ ನಿಂತಿತು. ಚದುರಂಗದ ಚರಿತ್ರೆಯಲ್ಲಿ ಸುಲ್ತಾನ್ ಖಾನನಿಗೆ ಪುಟಗಳು ಸಿಕ್ಕವು, ಫಾತಿಮಾಗೆ ಸಾಲುಗಳು.

ಶಿಯೆ ಜುನ್‌ಳನ್ನು ಫಾತಿಮಾಳಿಂದ ಬೇರೆ ಮಾಡಿದ್ದು ಒಂದೇ ಸಂಗತಿ: ಚೀನಾದವರು ಎದುರಾಳಿಯನ್ನು ಅದೃಷ್ಟಕ್ಕೆ ಬಿಡಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಆ ದೇಶದಲ್ಲಿ ಚೆಸ್ ಆಟವೇ ನಿಷಿದ್ಧವಾಗಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಮತ್ತೆ ಬಾಗಿಲು ತೆರೆದಾಗ ಅವರ ಬಳಿ ಪುಸ್ತಕ ಕಡಿಮೆ, ಅನುಭವ ಕಡಿಮೆ. ಸೋವಿಯತ್ ಆಟಗಾರರಿಗೆ ಇದ್ದ ನಾಲ್ಕು ತಲೆಮಾರಿನ ಗುರುಪರಂಪರೆ ಇಲ್ಲವೇ ಇಲ್ಲ. ಆಗ ಅವರು ಹಾಕಿದ ಲೆಕ್ಕ ಹೀಗಿತ್ತು: ಮೊದಲು ಮಹಿಳೆಯರ ವೈಯಕ್ತಿಕ ಪಟ್ಟ, ಆಮೇಲೆ ಮಹಿಳಾ ತಂಡದ ಚಿನ್ನ, ಆಮೇಲೆ ಪುರುಷರ ತಂಡ, ಕೊನೆಗೆ ಪುರುಷರ ವೈಯಕ್ತಿಕ ಪಟ್ಟ. ನಾಲ್ಕು ಮೆಟ್ಟಿಲು. ಮೊದಲನೆಯದು 1991ರಲ್ಲಿ ಏರಿದರು, ಎರಡನೆಯದು 1998ರ ಎಲಿಸ್ತಾ ಒಲಿಂಪಿಯಾಡ್‌ನಲ್ಲಿ, ಮೂರನೆಯದು 2014ರಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ, ನಾಲ್ಕನೆಯದು 2023ರಲ್ಲಿ ದಿಂಗ್ ಲಿರೆನ್ ವಿಶ್ವ ಚಾಂಪಿಯನ್ ಆದಾಗ. ಮೊದಲ ಮೆಟ್ಟಿಲೇ ಹೆಣ್ಣುಮಕ್ಕಳದು ಅನ್ನುವುದನ್ನು ಗಮನಿಸಿ. ನಮ್ಮಲ್ಲಿ ಲೆಕ್ಕ ಹಾಕುವವರು ಹೆಣ್ಣುಮಕ್ಕಳ ಹೆಸರನ್ನು ಕೊನೆಯ ಸಾಲಿನಲ್ಲಿ, ಹಣ ಉಳಿದರೆ ನೋಡೋಣ ಎನ್ನುವ ಕಡೆ ಬರೆಯುತ್ತಾರೆ.

ಆ ಮೊದಲ ಮೆಟ್ಟಿಲಿಗೆ ಅವರು ಬಳಸಿದ ಉಪಾಯವೇ ನನ್ನ ಮಾತಿನ ನಡುಗಂಬ. ರಾಷ್ಟ್ರೀಯ ತಂಡದ ಗಂಡಸರು ಹೆಂಗಸರಿಗೆ ಅಭ್ಯಾಸದ ಎದುರಾಳಿಗಳಾಗಿ ಕೂರಬೇಕು. ತಮ್ಮ ಸ್ವಂತ ಆಟದ ಹೊತ್ತನ್ನು ಕೊಟ್ಟು ಕೂರಬೇಕು. ಆಗಿನ ಚೀನಾದ ಬಲಿಷ್ಠ ಆಟಗಾರರಲ್ಲಿ ಒಬ್ಬರಾದ ಯೆ ಜಿಯಾಂಗ್‌ಚುವಾನ್ ಮುಂದೆ ರಾಷ್ಟ್ರೀಯ ತಂಡಗಳ ಮುಖ್ಯ ತರಬೇತುದಾರರೇ ಆದರು. 1990ರಲ್ಲಿ ಚೀನಾದ ಮೊತ್ತಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಯೆ ರೊಂಗ್‌ಗುವಾಂಗ್ ಮುಂದೆ ಝು ಚೆನ್ ಎಂಬ ಹುಡುಗಿಯನ್ನು ತಿದ್ದಿದರು. ಸೋಲಿಸುವುದಕ್ಕಲ್ಲ, ಸೋಲಿಸಿ ಸೋಲಿಸಿ ಗೆಲ್ಲುವುದನ್ನು ಕಲಿಸುವುದಕ್ಕೆ ಎದುರಿಗೆ ಕೂತವರು ಇವರು.

ವಿಶ್ವ ಚಾಂಪಿಯನ್‌ಗೆ ಎದುರಾಗುವವಳನ್ನು ಆರಿಸುವ ಸವಾಲುದಾರರ ಪಂದ್ಯಾವಳಿ 1990ರಲ್ಲಿ ನಡೆದದ್ದು ಬೊರ್ಜೊಮಿಯಲ್ಲಿ, ಜಾರ್ಜಿಯಾದಲ್ಲಿ. ಹೆಣ್ಣುಮಕ್ಕಳ ಚದುರಂಗದ ತವರುಮನೆ ಅದು. ಮದುಮಗಳಿಗೆ ಕೊಡುವ ಬಳುವಳಿಯಲ್ಲಿ ಚದುರಂಗದ ಮಣೆಯನ್ನೂ ಇಡುವ ಪದ್ಧತಿ ಹಿಂದೆ ಅಲ್ಲಿ ಇತ್ತೆಂದು ಹೇಳುತ್ತಾರೆ. ನಾವು ಹಂಡೆ, ಕೊಡ, ಟ್ರೆಜರಿ ಇಡುತ್ತೇವೆ. ನೋನಾ ಗಾಪ್ರಿಂದಾಶ್ವಿಲಿ 1962ರಿಂದ 1978ರವರೆಗೆ ವಿಶ್ವ ಚಾಂಪಿಯನ್, ಅವಳ ನಂತರ ಮಾಯಾ, ಇಬ್ಬರೂ ಜಾರ್ಜಿಯಾದವರೇ. ಆ ಮನೆಯಂಗಳದಲ್ಲೇ ಆಡಿ ಶಿಯೆ ಜುನ್ ಯುಗೊಸ್ಲಾವಿಯಾದ ಅಲಿಸಾ ಮಾರಿಚ್ ಜೊತೆ ಮೊದಲ ಸ್ಥಾನ ಹಂಚಿಕೊಂಡಳು. 1991ರ ಆರಂಭದಲ್ಲಿ ಇಬ್ಬರ ನಡುವೆ ನಡೆದ ನಿರ್ಣಾಯಕ ಪಂದ್ಯವನ್ನು 4.5–2.5ರಿಂದ ಗೆದ್ದಳು. ಆಮೇಲೆ ಮನಿಲಾ.

ಗೆದ್ದವರ ನಿಜವಾದ ಪರೀಕ್ಷೆ ಎರಡನೇ ಸಲ. 1993ರಲ್ಲಿ ಮೊನಾಕೊದಲ್ಲಿ ನಾನಾ ಇಯೊಸೆಲಿಯಾನಿ, ಮತ್ತೆ ಜಾರ್ಜಿಯಾದವಳೇ, ಪಟ್ಟ ಕೇಳಲು ಬಂದಳು. ಶಿಯೆ ಜುನ್ ಗೆದ್ದದ್ದು 8.5–2.5ರಿಂದ. ಇದು ಗೆಲುವಲ್ಲ, ದಿಗ್ವಿಜಯ. ಮರುವರ್ಷ ಅವಳಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂತು, ಮಹಿಳೆಯರಿಗೆಂದೇ ಇರುವುದಲ್ಲ, ಗಂಡಸರು ಪಡೆಯುವ ಪೂರ್ಣ ಪದವಿ. ಜಗತ್ತಿನಲ್ಲಿ ಅದನ್ನು ಪಡೆದ ಆರನೇ ಹೆಣ್ಣುಮಗಳು ಅವಳು.

1996ರಲ್ಲಿ ಸೋಲು ಬಂತು. ಸ್ಪೇನಿನ ಹಾಯೆನ್ ಪಟ್ಟಣದಲ್ಲಿ ಹಂಗೆರಿಯ ಸೂಸನ್ ಪೋಲ್ಗಾರ್ 8.5–4.5ರಿಂದ ಅವಳ ಪಟ್ಟ ಕಸಿದಳು. ಈ ಪೋಲ್ಗಾರ್ ಮನೆಯ ಕಥೆಯೂ ನನ್ನ ಪ್ರಶ್ನೆಗೇ ಉತ್ತರ ಕೊಡುತ್ತದೆ. ಬುಡಾಪೆಸ್ಟಿನ ಒಂದು ಮನೆಯಲ್ಲಿ ಮೂವರು ಅಕ್ಕತಂಗಿಯರು: ಸೂಸನ್, ಸೋಫಿಯಾ, ಜುಡಿತ್. ಒಬ್ಬಳಿಗೆ ಇನ್ನೊಬ್ಬಳು ಎದುರಾಳಿ. ಮಹಿಳೆಯರ ಸ್ಪರ್ಧೆಯಷ್ಟೇ ಸಾಕು ಅನ್ನುವ ಮಾತನ್ನು ಅವರ ಅಪ್ಪ ಒಪ್ಪಲಿಲ್ಲ. ಗಂಡಸರ ಜೊತೆಗೇ ಆಡಿಸಿದ. ಅಂದರೆ ಮಾವೋನ ನಾಡಿನಲ್ಲಿ ಸರಕಾರ ಮಾಡಿದ್ದನ್ನು ಹಂಗೆರಿಯಲ್ಲಿ ಒಬ್ಬ ಹಠಮಾರಿ ತಂದೆ ಮಾಡಿದ. ದಾರಿ ಬೇರೆ, ಸೂತ್ರ ಒಂದೇ.

ಸೂಸನ್ 1999ರಲ್ಲಿ ತಾಯಿಯಾದಳು. ಪಂದ್ಯ ಮುಂದೂಡಿ ಅಂದಳು, ವಿಶ್ವ ಚೆಸ್ ಒಕ್ಕೂಟ ಒಪ್ಪಲಿಲ್ಲ, ಪಟ್ಟ ಅವಳ ಕೈತಪ್ಪಿತು. ಹೆರಿಗೆಗೆ ರಜೆ ಕೊಡದ ಮಾಲೀಕರು ಚೆಸ್ ಲೋಕದಲ್ಲೂ ಇದ್ದರು ಅನ್ನಿ. ಖಾಲಿಯಾದ ಪಟ್ಟಕ್ಕೆ ಶಿಯೆ ಜುನ್ ಮತ್ತು ರಷ್ಯಾದ ಅಲಿಸಾ ಗಾಲಿಯಾಮೊವಾ ಆಡಿದರು, ಅರ್ಧ ಕಜಾನ್‌ನಲ್ಲಿ, ಅರ್ಧ ಚೀನಾದ ಶೆನ್‌ಯಾಂಗ್‌ನಲ್ಲಿ. ಮನಿಲಾದ ಅಂಕವೇ ಮತ್ತೆ ಬಂತು, 8.5–6.5. ಕಳೆದುಕೊಂಡ ಪಟ್ಟ ಮೂರು ವರ್ಷದ ಮೇಲೆ ತಿರುಗಿ ಬಂತು.

ಮರುವರ್ಷ ಅವಳು ನಮ್ಮ ದೇಶಕ್ಕೇ ಬಂದಳು. 2000ದ ಡಿಸೆಂಬರ್‌ನಲ್ಲಿ ವಿಶ್ವನಾಥನ್ ಆನಂದ್ ಮೊದಲ ಸಲ ವಿಶ್ವ ಚಾಂಪಿಯನ್ ಆದದ್ದು ನಿಮಗೆ ನೆನಪಿರಬಹುದು. ಬಹುಪಾಲು ಆಟಗಳು ಹೊಸದಿಲ್ಲಿಯಲ್ಲಿ, ಅಂತಿಮ ಪಂದ್ಯ ತೆಹ್ರಾನ್‌ನಲ್ಲಿ. ಪತ್ರಿಕೆಗಳ ತುಂಬ ಆನಂದ್. ಅದೇ ದಿನಗಳಲ್ಲಿ ಅದೇ ದಿಲ್ಲಿಯಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು. ಸೋತವರು ಮನೆಗೆ ಎನ್ನುವ ನಾಕೌಟ್ ಪದ್ಧತಿ. ಅಂತಿಮ ಪಂದ್ಯದಲ್ಲಿ ಇಬ್ಬರೂ ಚೀನಾದವರೇ: ಶಿಯೆ ಜುನ್ ಮತ್ತು ಚಿನ್ ಕಾನ್‌ಯಿಂಗ್. 2.5–1.5ರಿಂದ ಶಿಯೆ ಗೆದ್ದಳು. ಒಂಬತ್ತು ವರ್ಷದ ಹಿಂದೆ ಒಬ್ಬಳೇ ಸೋವಿಯತ್ ಕೋಟೆಗೆ ಲಗ್ಗೆ ಹಾಕಿದ್ದಳು. ಈಗ ಅವಳ ಎದುರಿಗೆ ಕೂರುವವಳೂ ಅವಳ ದೇಶದವಳೇ ಆಗಿದ್ದಳು. ಒಂದು ದೇಶ ಆಟದಲ್ಲಿ ಬೆಳೆದಿದೆಯೇ ಎಂದು ಅಳೆಯಲು ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಈ ನಡುವೆ ಅವಳು ಓದೂ ಬಿಡಲಿಲ್ಲ. ಬೀಜಿಂಗ್ ನಾರ್ಮಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನೆಗೆ ತೊಡಗಿದಳು. ಆಡುವ ಕಾಲ ಮುಗಿದ ಮೇಲೆ ಕಲಿಸುವ, ನಡೆಸುವ ಕೆಲಸಕ್ಕೆ ಬಂದಳು.

ಅವಳ ಹಿಂದೆ ಬಂದವರ ಸಾಲು ಉದ್ದವಿದೆ. 2001ರಲ್ಲಿ ಝು ಚೆನ್. ಇವಳು 1988ರಲ್ಲೇ ಹನ್ನೆರಡರೊಳಗಿನ ಬಾಲಕಿಯರ ವಿಶ್ವ ಪಟ್ಟ ಗೆದ್ದವಳು. 2002ರಲ್ಲಿ ದುಬೈಯಲ್ಲಿ ಆಗಿನ ಪುರುಷರ ವಿಶ್ವ ಚಾಂಪಿಯನ್ ಪೊನೊಮರಿಯೊವ್‌ನನ್ನೇ ಮಣಿಸಿದವಳು. 2006ರಲ್ಲಿ ಶು ಯುಹುವಾ, ಬಸುರಿಯಾಗಿದ್ದಾಗಲೇ ಆಡಿ ಗೆದ್ದವಳು. 2010ರಲ್ಲಿ ಹೌ ಯಿಫಾನ್. 2017ರಲ್ಲಿ ತಾನ್ ಝೊಂಗ್‌ಯಿ. 2018ರಿಂದ ಶಾಂಘೈಯ ಜು ವೆನ್‌ಜುನ್, ಇವಳು 2025ರಲ್ಲಿ ಅದೇ ತಾನ್ ಝೊಂಗ್‌ಯಿಯನ್ನು 6.5–2.5ರಿಂದ ಸೋಲಿಸಿ ಐದನೇ ಸಲ ಪಟ್ಟ ಗೆದ್ದಳು.

ಇವರಲ್ಲಿ ಹೌ ಯಿಫಾನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹದಿನಾರನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಳು, ಮಾಯಾಳ ದಾಖಲೆ ಮುರಿದಳು. 2011ರಲ್ಲಿ ಅಲ್ಬೇನಿಯಾದ ತಿರಾನಾದಲ್ಲಿ ನಮ್ಮ ಕೊನೇರು ಹಂಪಿ ಸವಾಲು ಹಾಕಿದಾಗ ಒಂದೂ ಆಟ ಸೋಲದೆ 5.5–2.5ರಿಂದ ಗೆದ್ದಳು. 2012ರಲ್ಲಿ ಜಿಬ್ರಾಲ್ಟರ್‌ನಲ್ಲಿ ಜುಡಿತ್ ಪೋಲ್ಗಾರ್‌ಳನ್ನೇ ಸೋಲಿಸಿ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಜೊತೆ ಮೊದಲ ಸ್ಥಾನ ಹಂಚಿಕೊಂಡಳು. ಐದು ವರ್ಷದ ಮೇಲೆ ಅದೇ ಜಿಬ್ರಾಲ್ಟರ್‌ನ ಮುಕ್ತ ಪಂದ್ಯಾವಳಿಯಲ್ಲಿ ಒಂದು ವಿಚಿತ್ರ ನಡೆಯಿತು. ಸುತ್ತಿನ ಮೇಲೆ ಸುತ್ತು ಅವಳಿಗೆ ಮಹಿಳೆಯರೇ ಎದುರಾಳಿಗಳಾಗಿ ಬಂದರು. ಜೋಡಿ ಹಾಕುವುದು ಕಂಪ್ಯೂಟರ್, ನಮ್ಮ ಕೈವಾಡವಿಲ್ಲ ಅಂದರು ಆಯೋಜಕರು. ಕೊನೆಯ ಸುತ್ತಿನಲ್ಲಿ ಭಾರತದ ಬಾಬು ಲಲಿತ್ ಎದುರು ಅವಳು ಬೇಕೆಂದೇ ಹುಚ್ಚುಚ್ಚು ನಡೆಗಳನ್ನು ಆಡಿ, ಐದೇ ನಡೆಗೆ ಸೋಲೊಪ್ಪಿ ಎದ್ದುಹೋದಳು. ಅಭಿಮಾನಿಗಳ ಮುಂದೆ ಆಟಗಾರಳು ಹಾಗೆ ಮಾಡಬಾರದಿತ್ತು, ನಿಜ. ಅವಳ ಸಿಟ್ಟು ಮಾತ್ರ ಪೊಳ್ಳಲ್ಲ. ಮುಕ್ತ ಪಂದ್ಯಾವಳಿಗೆ ಬಂದದ್ದೇ ಬಲಿಷ್ಠರ ಎದುರು ಕೂರಲು. ಆಮೇಲೆ ಅವಳು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದಳು. 2020ರಲ್ಲಿ, ಇಪ್ಪತ್ತಾರಕ್ಕೇ, ಶೆನ್‌ಝೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದಳು.

ಇನ್ನು ನಮ್ಮ ಮನೆಗೆ ಬರೋಣ. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಶಿಪ್ ನಡೆದದ್ದು ಕರ್ನಾಟಕದಲ್ಲೇ, 1974ರಲ್ಲಿ, ಬೆಂಗಳೂರಿನಲ್ಲಿ. ಗೆದ್ದವಳು ಮುಂಬೈಯ ವಾಸಂತಿ ಖಾಡಿಲ್ಕರ್. ಅವಳ ಜೊತೆ ಜಯಶ್ರೀ, ರೋಹಿಣಿ. ಇಲ್ಲೂ ಮೂವರು ಅಕ್ಕತಂಗಿಯರು! ಮೊದಲ ಹತ್ತು ವರ್ಷ ರಾಷ್ಟ್ರೀಯ ಪಟ್ಟ ಆ ಮನೆಯ ಹೊಸ್ತಿಲು ದಾಟಲಿಲ್ಲ. ಕಿರಿಯವಳಾದ ರೋಹಿಣಿ 1976ರಲ್ಲಿ, ಹದಿಮೂರನೇ ವಯಸ್ಸಿಗೆ, ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ಆಡಲು ಹೋದಳು. ದೊಡ್ಡ ರಗಳೆಯಾಯಿತು, ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ ಅವರೇ ಹೆಣ್ಣುಮಕ್ಕಳನ್ನು ತಡೆಯುವಂತಿಲ್ಲ ಎಂದು ತೀರ್ಪು ಕೊಡಬೇಕಾಯಿತು. ಆ ಪುಟ್ಟ ಹುಡುಗಿ ಆ ಕೂಟದಲ್ಲಿ ಮೂರು ರಾಜ್ಯಗಳ ಚಾಂಪಿಯನ್ನರನ್ನು ಸೋಲಿಸಿದಳು. ಚೀನಾದಲ್ಲಿ ಸರಕಾರ ಮುಂದೆ ನಿಂತು ಗಂಡಸರನ್ನು ಹುಡುಗಿಯರ ಎದುರು ಕೂರಿಸಿತು, ನಮ್ಮಲ್ಲಿ ಹುಡುಗಿಯೇ ಕೋರ್ಟಿಗೆ ಹೋಗಿ ಆ ಕುರ್ಚಿ ಗಿಟ್ಟಿಸಿಕೊಂಡಳು.

ಅದರ ಫಲ ಈಗ ಕಾಣುತ್ತಿದೆ. 2025ರ ಜುಲೈಯಲ್ಲಿ ಜಾರ್ಜಿಯಾದ ಬತುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ಚೀನಾದ ಇಬ್ಬರು, ಭಾರತದ ಇಬ್ಬರು. ನಾಗಪುರದ ದಿವ್ಯಾ ದೇಶಮುಖ್ ತಾನ್ ಝೊಂಗ್‌ಯಿಯನ್ನು, ಹಂಪಿ ಲೇ ತಿಂಗ್‌ಜಿಯೆಯನ್ನು ಸೋಲಿಸಿದರು. ಅಂತಿಮ ಪಂದ್ಯದಲ್ಲಿ ಹಂಪಿಯನ್ನು ಸೋಲಿಸಿ ದಿವ್ಯಾ ಗೆದ್ದಳು, ಹತ್ತೊಂಬತ್ತಕ್ಕೇ ಗ್ರ್ಯಾಂ‌ಡ್‌ಮಾಸ್ಟರ್ ಆದಳು. 2000ದಲ್ಲಿ ದಿಲ್ಲಿಯಲ್ಲಿ ಇಬ್ಬರು ಚೀನೀಯರು ಎದುರುಬದುರು ಕೂತಿದ್ದರು ಅಂದೆನಲ್ಲ, ಕಾಲು ಶತಮಾನದ ನಂತರ ಆ ಎರಡೂ ಕುರ್ಚಿಯಲ್ಲಿ ನಮ್ಮವರಿದ್ದರು.

ನಮ್ಮ ರಾಜ್ಯದ ಮಾತು ಬಂದರೆ ಸ್ವಲ್ಪ ಸಂಕೋಚವಾಗುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಚದುರಂಗ ಸಾರ ಸರ್ವಸ್ವ’ ಬರೆಸಿದವರು, ಕುದುರೆಯನ್ನು ಅರವತ್ತನಾಲ್ಕೂ ಮನೆಯಲ್ಲಿ ಒಮ್ಮೊಮ್ಮೆ ಓಡಿಸುವ ಬಂಧಗಳನ್ನು ಕಟ್ಟಿದವರು. ಅಂಥ ರಾಜ್ಯಕ್ಕೆ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು ತೀರ ಇತ್ತೀಚೆಗೆ, ದಕ್ಷಿಣ ಕನ್ನಡದ ಬೆಳ್ತಂಗಡಿಯ ಇಶಾ ಶರ್ಮಾ. ಬೆಳ್ತಂಗಡಿ ಮಹಾನಗರವಲ್ಲ. ರೋಣದ ಹಾಗೆ, ನರಗುಂದದ ಹಾಗೆ ಒಂದು ತಾಲೂಕು ಸ್ಥಳ. ಅದನ್ನು ಬೇಕೆಂದೇ ಹೇಳುತ್ತಿದ್ದೇನೆ.

ನಮ್ಮ ಈ ಮೂರು ತಾಲೂಕುಗಳಲ್ಲಿ ಬುದ್ಧಿಗೆ ಬರವಿಲ್ಲ. ಭೀಮಸೇನ ಜೋಶಿ ಹುಟ್ಟಿದ್ದು ರೋಣದಲ್ಲಿ. ಹನ್ನೊಂದರ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು, ರೈಲಿನಲ್ಲಿ ಊರೂರು ಅಲೆದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹುಡುಗಿಯೊಬ್ಬಳು ಹಾಗೆ ಹೋಗಿದ್ದರೆ ನಾವು ಹೇಳುತ್ತಿದ್ದ ಕಥೆ ಬೇರೆ. ಆ ಹುಡುಗನಿಗೆ ಕೊನೆಗೆ ಗುರುವಾಗಿ ಸಿಕ್ಕ ಸವಾಯಿ ಗಂಧರ್ವರ ಬಳಿಯೇ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಗುರು ಒಂದು ರೈಲಿನ ದೂರದಲ್ಲಿ ಇದ್ದುದರಿಂದ ಆ ಹಾಡು ನಮಗೆ ದಕ್ಕಿತು. ಹೆಣ್ಣುಮಗಳು ದೂರ ಹೋಗಲಾರದ ಕಡೆ ಎದುರಾಳಿ ಹತ್ತಿರ ಬರಬೇಕು.

ಈಗ ಆಗುತ್ತಿರುವುದೇನು? ಶಾಲೆಯಲ್ಲಿ ಐದನೇ, ಆರನೇ ಇಯತ್ತೆಯ ಹುಡುಗಿಯರು ಚೆಸ್ ಕಲಿಯುತ್ತಾರೆ, ಹುಡುಗರನ್ನು ಸೋಲಿಸುತ್ತಾರೆ. ಶಾಲಾ ಕ್ರೀಡಾಕೂಟದಲ್ಲಿ ತಾಲೂಕು ಮಟ್ಟಕ್ಕೆ, ಒಮ್ಮೊಮ್ಮೆ ಗದಗದವರೆಗೆ ಹೋಗುತ್ತಾರೆ. ಹೈಸ್ಕೂಲು ದಾಟುವ ಹೊತ್ತಿಗೆ ಆಟ ನಿಲ್ಲುತ್ತದೆ. ನಿಲ್ಲಿಸುವವರು ಯಾರೂ ಇಲ್ಲ, ಬೈಯುವವರೂ ಇಲ್ಲ. ಎದುರಿಗೆ ಕೂರುವವರು ಇಲ್ಲ, ಅಷ್ಟೇ. ಅಣ್ಣ ಕಟ್ಟೆಗೆ ಹೋಗಿ ಆಡುತ್ತಾನೆ, ತಂಗಿ ಕಟ್ಟೆಗೆ ಹೋಗುವಂತಿಲ್ಲ. ಮೊಬೈಲ್ ಇದೆಯಲ್ಲ, ಅದರಲ್ಲಿ ಜಗತ್ತೇ ಎದುರಾಳಿ ಅನ್ನುತ್ತೀರಿ. ಒಪ್ಪುತ್ತೇನೆ, ಅದು ದೊಡ್ಡ ಅನುಕೂಲ. ಆದರೆ ಮನೆಯ ಒಂದು ಮೊಬೈಲ್ ಸಂಜೆ ಹೊತ್ತಿಗೆ ಯಾರ ಕೈಯಲ್ಲಿರುತ್ತದೆ ಅನ್ನುವುದೂ ನಿಮಗೆ ಗೊತ್ತು. ಗಜೇಂದ್ರಗಡದಲ್ಲಿ ಮಗ್ಗದ ಮನೆಗಳಿವೆ, ನರಗುಂದ-ರೋಣದ ಕಡೆ ಹೆಸರು ಬಿಡಿಸುವ, ಹತ್ತಿ ಆಯುವ ಕಾಲವಿದೆ. ಹುಡುಗಿಯ ಹೊತ್ತಿಗೆ ಗಿರಾಕಿಗಳು ಬಹಳ.

ಚೀನಾದ ಸರಕಾರ ಮಾಡಿದ ಹಾಗೆ ಮಕ್ಕಳನ್ನು ಹತ್ತು ವರ್ಷಕ್ಕೇ ಆರಿಸಿ ಪಳಗಿಸಿ ಅಂತ ನಾನು ಹೇಳುವುದಿಲ್ಲ, ನಮಗೆ ಅದು ಬೇಡ. ಅವರಿಂದ ತೆಗೆದುಕೊಳ್ಳಬೇಕಾದದ್ದು ಒಂದೇ: ಚೆನ್ನಾಗಿ ಆಡುವ ಗಂಡಸರು ಹುಡುಗಿಯರ ಎದುರು ಕೂರುವುದನ್ನು ಕೆಲಸವೆಂದು ತಿಳಿದರು. ನಿಮ್ಮ ಊರಿನಲ್ಲಿ ಚದುರಂಗ ಬಲ್ಲ ನಿವೃತ್ತ ಮಾಸ್ತರರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಟ್ಟೆಯ ಮೇಲೆ ಯಾರಿಗೂ ಸೋಲದ ಅಜ್ಜ ಒಬ್ಬರಿದ್ದೇ ಇರುತ್ತಾರೆ. ಅವರಿಗೆ ನನ್ನ ಬಿನ್ನಹ ಇಷ್ಟು. ವಾರಕ್ಕೊಂದು ದಿನ, ಭಾನುವಾರ ಬೆಳಿಗ್ಗೆ, ಕಟ್ಟೆ ಬಿಟ್ಟು ಶಾಲೆಯ ಪಡಸಾಲೆಗೋ ಊರ ಗ್ರಂಥಾಲಯಕ್ಕೋ ಬನ್ನಿ. ನಾಲ್ಕು ಮಣೆ ಹಾಕಿ. ಹುಡುಗಿಯರನ್ನು ಕರೆಯಿರಿ. ಬಿಟ್ಟುಕೊಟ್ಟು ಆಡಬೇಡಿ, ಮಕ್ಕಳಿಗೆ ಅದು ತಟ್ಟನೆ ಗೊತ್ತಾಗುತ್ತದೆ. ಪೂರ್ತಿ ಶಕ್ತಿ ಹಾಕಿ ಸೋಲಿಸಿ, ಸೋತದ್ದು ಎಲ್ಲಿ ಅಂತ ತೋರಿಸಿ, ಮುಂದಿನ ಭಾನುವಾರ ಮತ್ತೆ ಬನ್ನಿ. ತಾಯಿತಂದೆಗಳೇ, ಆ ಎರಡು ತಾಸು ಮಗಳಿಗೆ ಬೇರೆ ಕೆಲಸ ಹೇಳಬೇಡಿ. ಹತ್ತನೇ ಇಯತ್ತೆ ಆದ ಮೇಲೂ ಹೇಳಬೇಡಿ.